ಕುಡಿಯದವರಿಗೂ ಬರುವ ‘ಕುಡುಕನ ಮೂಗು’

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಒಂದು ಹಳೆಯ ಚಿತ್ರವಿದೆ. 1490ರ ಸುಮಾರಿಗೆ ಇಟಲಿಯ ಡೊಮೆನಿಕೊ ಗಿರ್ಲಾಂಡಾಯೊ ಬರೆದದ್ದು. ಕೆಂಪು ನಿಲುವಂಗಿ ತೊಟ್ಟ ಒಬ್ಬ ಅಜ್ಜ, ಅವನಿಗೆ ಆತುಕೊಂಡ ಹೊಂಗೂದಲಿನ ಪುಟ್ಟ ಹುಡುಗ. ಹುಡುಗ ಅಜ್ಜನ ಎದೆಯ ಮೇಲೆ ಕೈಯಿಟ್ಟು, ಮುಖ ಎತ್ತಿ ಅವನನ್ನೇ ನೋಡುತ್ತಿದ್ದಾನೆ. ಅಜ್ಜನ ಮೂಗಿನ ತುದಿ ಮಾತ್ರ ಉಂಡೆ ಉಂಡೆಯಾಗಿ ಗಂಟುಗಟ್ಟಿಕೊಂಡಿದೆ. ಚಿತ್ರಕಾರ ಅದನ್ನು ಮುಚ್ಚಿಡಲು ಹೋಗಿಲ್ಲ. ಒಂದೊಂದು ಗಂಟನ್ನೂ ತಾಳ್ಮೆಯಿಂದ ಬರೆದಿದ್ದಾನೆ. ಇವತ್ತಿನ ಚರ್ಮದ ಡಾಕ್ಟರುಗಳು ಆ ಚಿತ್ರ ನೋಡಿದ ಕೂಡಲೇ ಒಂದು ಹೆಸರು ಹೇಳುತ್ತಾರೆ: ರೈನೋಫೈಮಾ.

ಚಿತ್ರದ ಹುಡುಗನಿಗೆ ಆ ಮೂಗು ಒಂದು ವಿಷಯವೇ ಅಲ್ಲ. ಆದರೆ ಅಂಥದೇ ಮೂಗಿನವರು ಇವತ್ತು ಎದುರಿಗೆ ಬಂದರೆ ಹತ್ತರಲ್ಲಿ ಎಂಟು ಜನ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಡುತ್ತಾರೆ: ‘ಬಾಟಲಿ ಜಾಸ್ತಿ ಆಗಿರಬೇಕು.’ ಇಂಗ್ಲಿಷಿನಲ್ಲಂತೂ ‘ವಿಸ್ಕಿ ಮೂಗು’, ‘ರಮ್ ಮೂಗು’ ಎಂಬ ಅಡ್ಡಹೆಸರುಗಳೇ ಇವೆ. ತಮ್ಮ ಮೂಗಿನ ನೇರಕ್ಕೆ ಇನ್ನೊಬ್ಬರ ಮೂಗಿನ ಬಗ್ಗೆ ತೀರ್ಪು ಕೊಡುವುದು ಅಂದರೆ ಇದೇ. ಹನಿ ಮದ್ಯ ಮುಟ್ಟದವರಿಗೂ ಈ ತೊಂದರೆ ಬರುತ್ತದೆ. ಬೇಕಾದಷ್ಟು ಕುಡಿಯುವವರಲ್ಲಿ ಬಹುಪಾಲು ಜನರಿಗೆ ಬರುವುದೇ ಇಲ್ಲ.

ಹಾಗಾದರೆ ಆ ಮೂಗಿನೊಳಗೆ ಆಗುತ್ತಿರುವುದೇನು?

ಮೂಗು ಬೆಳೆಯುವುದಿಲ್ಲ, ಚರ್ಮ ಬೆಳೆಯುತ್ತದೆ

ನಿಮ್ಮ ಮೂಗಿನ ತುದಿಯನ್ನೊಮ್ಮೆ ಎರಡು ಬೆರಳಲ್ಲಿ ಹಿಡಿದು ನೋಡಿ. ಆಮೇಲೆ ಮೂಗಿನ ನಡುವಿನ ದಿಣ್ಣೆಯ ಮೇಲಿನ ಚರ್ಮವನ್ನು ಹಿಡಿಯಿರಿ. ನಡುವಿನಲ್ಲಿ ಚರ್ಮ ತೆಳ್ಳಗಿದೆ, ಎಲುಬಿನ ಮೇಲೆ ಸುಲಭವಾಗಿ ಜಾರುತ್ತದೆ. ತುದಿಯಲ್ಲಿ ದಪ್ಪ, ಸ್ವಲ್ಪ ಜಿಡ್ಡು ಜಿಡ್ಡು. ಕನ್ನಡಿಗೆ ಹತ್ತಿರ ಹೋದರೆ ಸಣ್ಣ ಸಣ್ಣ ತೂತುಗಳೂ ಕಾಣುತ್ತವೆ. ಪ್ರತಿ ತೂತಿನ ಕೆಳಗೂ ಎಣ್ಣೆ ಗ್ರಂಥಿಗಳಿವೆ. ಚರ್ಮಕ್ಕೆ ಬೇಕಾದ ಜಿಡ್ಡನ್ನು ತಯಾರಿಸಿ ಮೇಲಕ್ಕೆ ಕಳಿಸುವುದು ಅವುಗಳ ಕೆಲಸ. ಮೈಯಲ್ಲಿ ಈ ಗ್ರಂಥಿಗಳು ತೀರಾ ಒತ್ತೊತ್ತಾಗಿರುವ ಜಾಗಗಳಲ್ಲಿ ಮೂಗಿನ ತುದಿಯೂ ಒಂದು.

ರೈನೋಫೈಮಾದಲ್ಲಿ ಈ ಗ್ರಂಥಿಗಳು ಊದಿ ದೊಡ್ಡದಾಗುತ್ತವೆ. ಅವುಗಳ ಸುತ್ತ ನಾರಿನಂಥ ಗಟ್ಟಿ ಅಂಗಾಂಶ ಸೇರಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಮೂರೂ ಸೇರಿ ಚರ್ಮ ದಪ್ಪವಾಗುತ್ತ, ಮಡಿಕೆ ಬೀಳುತ್ತ, ಗಂಟುಗಳಾಗುತ್ತ ಹೋಗುತ್ತದೆ. ಒಳಗಿನ ಎಲುಬು, ಮೆದು ಮೂಳೆ ಎರಡೂ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತವೆ. ಅಂದರೆ ಹಳೆಯ ಮೂಗು ಎಲ್ಲಿಗೂ ಹೋಗಿಲ್ಲ. ಅದರ ಮೇಲೆ ದಪ್ಪನೆಯ ಹೊದಿಕೆ ಬೆಳೆದಿದೆ, ಅಷ್ಟೇ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಚಿಕಿತ್ಸೆಯೆಲ್ಲ ಇದರ ಮೇಲೆಯೇ ನಿಂತಿದೆ.

ಹೆಸರು ಹುಟ್ಟಿದ್ದು ಗ್ರೀಕ್‌ನ ಎರಡು ಪದಗಳಿಂದ. ಒಂದರ ಅರ್ಥ ಮೂಗು, ಇನ್ನೊಂದರದು ಬೆಳವಣಿಗೆ. 1845ರಲ್ಲಿ ವಿಯೆನ್ನಾದ ಚರ್ಮತಜ್ಞ ಫರ್ಡಿನಾಂಡ್ ಫಾನ್ ಹೆಬ್ರಾ ಇಟ್ಟ ಹೆಸರು. ಇದೇ ಥರದ ದಪ್ಪಗಾಗುವಿಕೆ ಅಪರೂಪಕ್ಕೆ ಗಲ್ಲ, ಹಣೆ, ಕಿವಿ, ರೆಪ್ಪೆಗಳಲ್ಲೂ ಆಗುತ್ತದೆ. ಮೂಗಿನದೇ ಹೆಚ್ಚು.

ಬೇರು ಇರುವುದು ರೊಸೇಸಿಯಾದಲ್ಲಿ

ಸಾಮಾನ್ಯವಾಗಿ ರೈನೋಫೈಮಾದ ಹಿಂದೆ ರೊಸೇಸಿಯಾ ಎಂಬ ಚರ್ಮದ ಕಾಯಿಲೆ ಇರುತ್ತದೆ. ಮುಖದ ನಡುಭಾಗ, ಅಂದರೆ ಕೆನ್ನೆ, ಮೂಗು, ಹಣೆ, ಗಲ್ಲ ಆಗಾಗ ಬಿಸಿಯಾಗಿ ಕೆಂಪೇರುವುದು ಅದರ ಮೊದಲ ಲಕ್ಷಣ. ಬರಬರುತ್ತ ಕೆಂಪು ಅಲ್ಲೇ ಉಳಿದುಬಿಡುತ್ತದೆ. ಎಳೆ ಎಳೆಯಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಕಣ್ಣು ಉರಿ, ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನಿಸುವುದು ಕೂಡ ಇದರ ಭಾಗವೇ. ಎಷ್ಟೋ ಜನ ಕಣ್ಣಿಗೆ ಒಬ್ಬ ಡಾಕ್ಟರು, ಮುಖಕ್ಕೆ ಇನ್ನೊಬ್ಬರು ಅಂತ ಓಡಾಡುತ್ತಿರುತ್ತಾರೆ. ಎರಡಕ್ಕೂ ಮೂಲ ಒಂದೇ ಅಂತ ಯಾರೂ ಹೇಳಿರುವುದಿಲ್ಲ.

ರೊಸೇಸಿಯಾ ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಚರ್ಮದ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳುವುದು, ರಕ್ತನಾಳಗಳು ಬೇಗ ಹಿಗ್ಗುವುದು, ಮನೆತನದಿಂದ ಬಂದ ಗುಣ, ಎಲ್ಲವೂ ಸೇರಿರುತ್ತವೆ. ಕೂದಲಿನ ಬುಡದಲ್ಲಿ ಎಲ್ಲರಿಗೂ ಇರುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳ ಇವರ ಮುಖದಲ್ಲಿ ಜಾಸ್ತಿ ಇರುತ್ತದೆ. (ಹೌದು, ನಿಮ್ಮ ಮುಖದ ಮೇಲೂ ಇವೆ. ಗಾಬರಿ ಬೇಡ, ಸುಮ್ನೆ ತಮ್ಮ ಪಾಡಿಗೆ ಇರುತ್ತವೆ.) ಬಿಸಿಲು, ಸೆಕೆ, ಬಿಸಿ ಬಿಸಿ ಪಾನೀಯ, ಖಾರ, ಸಿಟ್ಟು, ಆತಂಕ, ಇವೆಲ್ಲ ಮುಖವನ್ನು ಕೆಂಪೇರಿಸಬಲ್ಲವು.

ಮದ್ಯ ಬರುವುದು ಈ ಪಟ್ಟಿಯಲ್ಲಿ. ಅದು ರಕ್ತನಾಳ ಹಿಗ್ಗಿಸುತ್ತದೆ, ಇರುವ ಕೆಂಪನ್ನು ಎದ್ದು ಕಾಣುವಂತೆ ಮಾಡುತ್ತದೆ. ಆದರೆ ಮೂಗು ಗಂಟುಗಟ್ಟಲು ಅದೇ ಕಾರಣ ಅನ್ನುವುದು ಸಾಬೀತಾಗಿಲ್ಲ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿದ್ದಕ್ಕೆ ಅಮೆರಿಕದ ಹಾಸ್ಯನಟ ಡಬ್ಲ್ಯೂ. ಸಿ. ಫೀಲ್ಡ್ಸ್‌ನಂಥವರ ಪಾಲೂ ಇದೆ. ದಪ್ಪ ಮೂಗು, ಕೈಯಲ್ಲಿ ಗ್ಲಾಸು, ಎರಡೂ ಅವನ ಪಾತ್ರಗಳ ಗುರುತಾಗಿದ್ದವು. ನಿಜ ಜೀವನದಲ್ಲೂ ಅವನು ಭಾರಿ ಕುಡಿಯುತ್ತಿದ್ದ. ನೋಡಿದವರು ಎರಡನ್ನೂ ಗಂಟು ಹಾಕಿಬಿಟ್ಟರು.

ಇನ್ನೊಂದು ವಿಚಿತ್ರ ಇದೆ. ರೊಸೇಸಿಯಾ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆ. ಆದರೆ ಅದು ರೈನೋಫೈಮಾ ಆಗಿ ಬೆಳೆಯುವುದು ಗಂಡಸರಲ್ಲಿ ಹಲವು ಪಟ್ಟು ಜಾಸ್ತಿ, ಅದೂ 50 ದಾಟಿದ ಮೇಲೆ. ಎಣ್ಣೆ ಗ್ರಂಥಿಗಳನ್ನು ಚುರುಕಾಗಿಸುವುದು ಗಂಡು ಹಾರ್ಮೋನುಗಳು, ಅದೇ ಕಾರಣ ಇರಬೇಕು ಅಂತ ತಜ್ಞರ ಅನುಮಾನ.

ಬಿಳಿ ಚರ್ಮದವರಲ್ಲಿ ಇದು ಹೆಚ್ಚು ಅಂತ ಪುಸ್ತಕಗಳು ಹೇಳುತ್ತವೆ. ಆದರೆ ಅದರಲ್ಲಿ ಒಂದು ಪಾಲು ಕಣ್ಣಿನ ಮೋಸವೂ ಇದೆ. ಕಂದು ಅಥವಾ ಕಪ್ಪು ಚರ್ಮದ ಮೇಲೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಬಿಸಿ, ಚುರುಚುರು, ಒಂದು ಥರದ ಕಂದು ಛಾಯೆ, ಹೀಗಷ್ಟೇ ಗೊತ್ತಾಗುತ್ತದೆ. ಮೊದಲ ವರ್ಷಗಳು ‘ಮೊಡವೆ ಇರಬೇಕು’ ಅನ್ನುವುದರಲ್ಲೇ ಕಳೆದುಹೋಗುತ್ತವೆ. ಗಂಟು ಎದ್ದ ಮೇಲೆಯೇ ಸರಿಯಾದ ಹೆಸರು ಸಿಗುವುದು.

ಮೊದಲ ಸೂಚನೆಗಳು

ಇದು ರಾತ್ರೋರಾತ್ರಿ ಬರುವುದಲ್ಲ, ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಮೊದಲು ಮೂಗಿನ ಚರ್ಮದ ಸಣ್ಣ ತೂತುಗಳು ಅಗಲವಾಗುತ್ತವೆ. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ಎಷ್ಟು ತೊಳೆದರೂ ಅರ್ಧ ಗಂಟೆಯಲ್ಲಿ ಮತ್ತೆ ಜಿಡ್ಡು. ಒತ್ತಿದರೆ ತೂತಿನಿಂದ ಬಿಳಿ ಬಿಳಿ ದಾರದೆಳೆಯಂತೆ ಗಟ್ಟಿಯಾದ ಜಿಡ್ಡು ಹೊರಬರುತ್ತದೆ. ಆಮೇಲೆ ತುದಿ ಮತ್ತು ಹೊರಳೆಗಳ ಬದಿ ನಿಧಾನವಾಗಿ ಉಬ್ಬುತ್ತವೆ. ಕೊನೆಗೆ ಉಂಡೆಗಳು, ಅವುಗಳ ನಡುವೆ ಆಳವಾದ ಗೆರೆಗಳು. ಆ ಗೆರೆಗಳಲ್ಲಿ ಜಿಡ್ಡು ಕೂತು ವಾಸನೆ ಬರುವುದೂ ಇದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಡಾಕ್ಟರ ಹತ್ತಿರವೂ.

ನೋವು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ‘ಅಂದದ ವಿಷಯ ತಾನೇ’ ಅಂತ ತಳ್ಳಿಹಾಕುವವರು ಜಾಸ್ತಿ. ಆದರೆ ಹೊರಳೆಗಳ ಬದಿ ಭಾರವಾಗಿ ಕುಸಿದರೆ ಉಸಿರಾಟದ ದಾರಿಯೇ ಕಿರಿದಾಗುತ್ತದೆ. ರಾತ್ರಿ ಬಾಯಲ್ಲಿ ಉಸಿರಾಡಬೇಕಾಗುತ್ತದೆ, ನಿದ್ದೆ ಕೆಡುತ್ತದೆ. ಕನ್ನಡಕ ಕೂರುವುದಿಲ್ಲ. ಗಡ್ಡ ಮೀಸೆ ಬೋಳಿಸುವಾಗ ತಗುಲಿ ರಕ್ತ ಬರುತ್ತದೆ. ಜನರ ನೋಟ ಬೇರೆ. ಅಮೆರಿಕದ ದೊಡ್ಡ ಬ್ಯಾಂಕರ್ ಜೆ. ಪಿ. ಮಾರ್ಗನ್ ತನ್ನ ಕಾಲದ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಅವನ ಭಾವಚಿತ್ರಗಳಲ್ಲಿ ಮೂಗನ್ನು ತಿದ್ದಿಯೇ ಅಚ್ಚು ಹಾಕುತ್ತಿದ್ದರು. ಕೇಳದೆ ಯಾರಾದರೂ ಫೋಟೊ ತೆಗೆದರೆ ಅವನಿಗೆ ಕೆಂಡದಂಥ ಕೋಪ. ಅಷ್ಟು ದುಡ್ಡಿದ್ದವನ ಪಾಡೇ ಹೀಗಾದರೆ ಉಳಿದವರ ಗತಿ ಊಹಿಸಿಕೊಳ್ಳಿ.

ಎಲ್ಲ ಊದಿದ ಮೂಗೂ ಇದೇ ಅಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ಕನ್ನಡಿ ನೋಡಿ ನಮಗೆ ನಾವೇ ಹೆಸರಿಟ್ಟುಕೊಳ್ಳುವುದು ಅಪಾಯ. ಒಂದೆರಡು ದಿನದಲ್ಲಿ ಮೂಗು ಕೆಂಪಾಗಿ ಊದಿ, ಮುಟ್ಟಿದರೆ ನೋವು, ಜೊತೆಗೆ ಜ್ವರ ಇದ್ದರೆ ಅದು ಸೋಂಕು. ಮೂಗಿನ ಸುತ್ತಲಿನ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳ ಜೊತೆ ಸಂಬಂಧವಿದೆ. ಹಾಗಾಗಿ ಅಂಥ ಊತವನ್ನು ಹಿಚುಕದೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಲ್ಲೂ ಮೂಗು ಊದುತ್ತದೆ. ಅಲ್ಲಿ ಚರ್ಮ ನೇರಳೆ ಛಾಯೆಯಲ್ಲಿ, ನುಣುಪಾಗಿ ಹೊಳೆಯುತ್ತದೆ. ಕುಷ್ಠವೂ ಮುಖದ ಚರ್ಮವನ್ನು ದಪ್ಪ ಮಾಡಬಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಚರ್ಮದ ಕ್ಯಾನ್ಸರ್. ರೈನೋಫೈಮಾ ತಾನಾಗಿ ಕ್ಯಾನ್ಸರ್ ಅಲ್ಲ. ಆದರೆ ಗಂಟುಗಳ ನಡುವೆ ಬೇಸಲ್ ಸೆಲ್ ಕ್ಯಾನ್ಸರ್ ಅಡಗಿ ಕೂತಿರುವುದು ಆಗಾಗ ಸಿಕ್ಕಿದೆ. ಮೊದಲೇ ಉಬ್ಬುತಗ್ಗಾದ ಜಾಗದಲ್ಲಿ ಇನ್ನೊಂದು ಉಬ್ಬು ಯಾರ ಕಣ್ಣಿಗೂ ಬೀಳುವುದಿಲ್ಲ ನೋಡಿ. ಒಂದೇ ಬದಿ ಬೇಗ ಬೇಗ ಬೆಳೆಯುತ್ತಿದ್ದರೆ, ಹುಣ್ಣಾಗಿ ವಾರಗಟ್ಟಲೆ ಮಾಯದಿದ್ದರೆ, ಸುಮ್ಮಸುಮ್ಮನೆ ರಕ್ತ ಒಸರುತ್ತಿದ್ದರೆ ಚೂರು ಚರ್ಮ ತೆಗೆದು ಬಯಾಪ್ಸಿ ಮಾಡಲೇಬೇಕು. ಉಳಿದಂತೆ ರೈನೋಫೈಮಾ ಗುರುತಿಸಲು ದೊಡ್ಡ ಪರೀಕ್ಷೆ ಏನೂ ಬೇಡ. ಅನುಭವ ಇರುವ ಡಾಕ್ಟರಿಗೆ ನೋಡಿದರೇ ಗೊತ್ತಾಗುತ್ತದೆ.

ಮುಲಾಮು, ಮಾತ್ರೆಗಳು ಎಲ್ಲಿಯವರೆಗೆ?

ಔಷಧಿಯ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಒಮ್ಮೆ ಗಟ್ಟಿಯಾಗಿ ಗಂಟುಗಟ್ಟಿದ ಮೂಗನ್ನು ಕರಗಿಸುವ ಮುಲಾಮು ಇಲ್ಲ. ಯಾರಾದರೂ ಇದೆ ಅಂತ ಮಾರುತ್ತಿದ್ದರೆ ನಂಬಬೇಡಿ. ಔಷಧಿಗೆ ಬೆಲೆ ಇರುವುದು ಮೊದಲ ಹಂತದಲ್ಲಿ, ಚರ್ಮ ಇನ್ನೂ ಮೆತ್ತಗೆ ಊದಿಕೊಂಡಿರುವಾಗ, ನಾರು ಸೇರುವ ಮುಂಚೆ.

ಆಗ ರೊಸೇಸಿಯಾವನ್ನು ಹತೋಟಿಗೆ ತರುವುದು ಮೊದಲ ಕೆಲಸ. ಗುಳ್ಳೆಗಳಿಗೆ ಐವರ್ಮೆಕ್ಟಿನ್, ಮೆಟ್ರೋನಿಡಜೋಲ್, ಅಜೆಲಾಯಿಕ್ ಆಸಿಡ್ ಇರುವ ಮುಲಾಮುಗಳನ್ನು ಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಊತ, ಕೆರಳಿಕೆಯನ್ನು ತಗ್ಗಿಸುತ್ತದೆ. ಅದು ಆಂಟಿಬಯೋಟಿಕ್ ಆದರೂ ಇಲ್ಲಿ ಕೊಡುವುದು ಕ್ರಿಮಿ ಕೊಲ್ಲಲಿಕ್ಕಲ್ಲ.

ಗ್ರಂಥಿಗಳ ಮೇಲೇ ಕೆಲಸ ಮಾಡುವುದು ಐಸೊಟ್ರೆಟಿನಾಯಿನ್. ತೀವ್ರ ಮೊಡವೆಗೆ ಕೊಡುವ ಮಾತ್ರೆಯೇ ಇದು. ಎಣ್ಣೆ ಗ್ರಂಥಿಗಳನ್ನು ಕುಗ್ಗಿಸುತ್ತದೆ, ಮೂಗಿನ ಗಾತ್ರ ಸ್ವಲ್ಪ ಇಳಿಯುವುದೂ ಉಂಟು. ಆದರೆ ನಾರಿನ ಭಾಗಕ್ಕೆ ಏನೂ ಮಾಡಲಾರದು. ನಿಲ್ಲಿಸಿದ ಮೇಲೆ ಗ್ರಂಥಿಗಳು ಮತ್ತೆ ಊದಬಹುದು. ತುಟಿ ಒಡೆಯುತ್ತದೆ, ಕಣ್ಣು ಒಣಗುತ್ತದೆ, ರಕ್ತದಲ್ಲಿ ಕೊಬ್ಬಿನಂಶ ಮತ್ತು ಲಿವರ್ ಮೇಲೆ ಕಣ್ಣಿಡಬೇಕಾಗುತ್ತದೆ. ಗರ್ಭಿಣಿಯರಿಗೆ ಖಂಡಿತ ಕೂಡದು, ಮಗುವಿಗೆ ಗಂಭೀರ ಹಾನಿ ಆಗುತ್ತದೆ. ಆಪರೇಷನ್ ಆಲೋಚನೆ ಇದ್ದರೆ ಈ ಮಾತ್ರೆ ತಗೊಂಡಿರುವುದನ್ನು ಮೊದಲೇ ಹೇಳಿ. ಚರ್ಮ ಮತ್ತೆ ಬೆಳೆಯುವುದಕ್ಕೆ ತೊಂದರೆ ಆಗದಿರಲಿ ಅಂತ ಎಷ್ಟೋ ಸರ್ಜನ್‌ಗಳು ಕೆಲವು ತಿಂಗಳು ಕಾಯುತ್ತಾರೆ.

ಮಾಡಬಾರದ್ದೊಂದು ಇದೆ: ಕೆಂಪು ಕಂಡ ಕೂಡಲೇ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಕ್ರೀಮ್ ತಂದು ಹಚ್ಚುವುದು. ಎರಡು ದಿನ ಅದ್ಭುತ ಅನಿಸುತ್ತದೆ. ವಾರಗಟ್ಟಲೆ ಮುಂದುವರಿಸಿದರೆ ಚರ್ಮ ತೆಳುವಾಗಿ, ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಉರಿ, ಗುಳ್ಳೆ ಏಳುತ್ತವೆ. ಸ್ಟೀರಾಯ್ಡಿನಿಂದಲೇ ಹುಟ್ಟುವ ರೊಸೇಸಿಯಾ ಅಂತ ಒಂದು ಬಗೆಯೇ ಇದೆ. ಹಾಗೆಯೇ ಜಿಡ್ಡು ಹೋಗಲಿ ಅಂತ ಒರಟಾಗಿ ತಿಕ್ಕುವುದು, ಉಗುರಿನಿಂದ ಹಿಚುಕುವುದು, ಎರಡೂ ಕೆರಳಿಸುವ ಕೆಲಸಗಳೇ.

ಮೂಗು ಹೆರೆಯುವ ಕೆಲಸ

‘ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋಕಾಗುತ್ತಾ?’ ಅಂತ ಗಾದೆ. ರೈನೋಫೈಮಾದಲ್ಲಿ ಮಾತ್ರ ಮೂಗು ಕೊಯ್ಯುವುದೇ ಮದ್ದು! ಪೂರ್ತಿ ಅಲ್ಲ, ಮೇಲೆ ಬೆಳೆದಷ್ಟು.

ಬಡಗಿ ಉಜ್ಜುಗೊರಡಿನಲ್ಲಿ ಹಲಗೆಯ ಪದರ ಪದರ ತೆಗೆಯುವುದನ್ನು ನೋಡಿದ್ದೀರಲ್ವಾ? ಹೆಚ್ಚುಕಡಿಮೆ ಅದೇ ಕೆಲಸ. ಮೂಗಿನ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಎಷ್ಟೋ ಸಲ ಸಾಕು, ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಆಮೇಲೆ ದಪ್ಪಗಾದ ಚರ್ಮವನ್ನು ತೆಳು ತೆಳುವಾಗಿ ಹೆರೆಯುತ್ತ, ಒಳಗಿರುವ ಹಳೆಯ ಮೂಗಿನ ಆಕಾರಕ್ಕೆ ಬರುತ್ತಾರೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಇಡೀ ಕೈಚಳಕ ಇರುವುದು. ಚರ್ಮವನ್ನು ಪೂರ್ತಿ ಆಳಕ್ಕೆ ತೆಗೆದರೆ ಹೊಸ ಚರ್ಮ ಬೆಳೆಯಲು ಬೀಜವೇ ಇರುವುದಿಲ್ಲ. ಗಾಯ ಮುದುಡಿಕೊಂಡು ಮಾಯುತ್ತದೆ, ಹೊಳಪಿನ ಬಿಳಿ ಕಲೆ ಉಳಿಯುತ್ತದೆ, ಹೊರಳೆಯ ಅಂಚು ಮೇಲಕ್ಕೆ ಎಳೆದುಕೊಂಡು ಕಚ್ಚು ಬಿದ್ದ ಹಾಗಾಗುತ್ತದೆ. ಅದೇ, ಎಣ್ಣೆ ಗ್ರಂಥಿಗಳ ತಳಭಾಗವನ್ನು ಅಲ್ಲಲ್ಲೇ ಉಳಿಸಿದರೆ, ಆ ಒಂದೊಂದು ತಳದಿಂದಲೂ ಹೊಸ ಚರ್ಮದ ಕಣಗಳು ತೆವಳಿಕೊಂಡು ಬಂದು ಎರಡು ಮೂರು ವಾರದಲ್ಲಿ ಗಾಯವನ್ನು ಮುಚ್ಚುತ್ತವೆ. ಬೇರೆ ಕಡೆಯಿಂದ ಚರ್ಮ ತಂದು ಹೊಲಿಯಬೇಕಾಗಿಯೇ ಇಲ್ಲ. ಯಾವ ಗ್ರಂಥಿಗಳು ಊದಿ ಮೂಗನ್ನು ಕೆಡಿಸಿದವೋ, ಅವೇ ಕೊನೆಗೆ ಮೂಗಿಗೆ ಚರ್ಮ ಹೊದಿಸುತ್ತವೆ. ನನಗಂತೂ ಈ ಕಾಯಿಲೆಯ ಬಗ್ಗೆ ತುಂಬ ಹಿಡಿಸಿದ ಸಂಗತಿ ಇದು.

ಸರ್ಜನ್‌ಗೆ ಆಳ ಗೊತ್ತಾಗುವುದು ಹೇಗೆ? ನಡುನಡುವೆ ನಿಲ್ಲಿಸಿ ಮೂಗನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ಹೆರೆದ ಜಾಗದಿಂದ ಸಣ್ಣ ಸಣ್ಣ ಬಿಳಿ ಚುಕ್ಕೆಗಳಾಗಿ ಜಿಡ್ಡು ಹೊರಬಂದರೆ ಕೆಳಗೆ ಗ್ರಂಥಿ ಇನ್ನೂ ಉಳಿದಿದೆ ಎಂದರ್ಥ. ಚುಕ್ಕೆಗಳು ಕಡಿಮೆಯಾಗುತ್ತ ಬಂದಂತೆ ಕೈ ನಿಧಾನವಾಗಬೇಕು. ಸ್ವಲ್ಪ ಉಬ್ಬು ಉಳಿದರೆ ಮುಂದೊಂದು ದಿನ ಮತ್ತೆ ತೆಗೆಯಬಹುದು. ಜಾಸ್ತಿ ತೆಗೆದದ್ದನ್ನು ವಾಪಸ್ ಇಡಲಾಗುವುದಿಲ್ಲ.

ಸಲಕರಣೆ ಯಾವುದು ಅನ್ನುವುದು ಇಷ್ಟು ಮುಖ್ಯವಲ್ಲ. ಬರಿ ಬ್ಲೇಡಿನಿಂದ ಹೆರೆದರೆ ಕೆಲಸ ಬೇಗ ಆಗುತ್ತದೆ. ಆದರೆ ಮೂಗಿನ ತುಂಬ ಹಿಗ್ಗಿದ ರಕ್ತನಾಳಗಳಿರುವುದರಿಂದ ರಕ್ತ ಜಾಸ್ತಿ. ಕರೆಂಟು ಹರಿಸಿದ ತಂತಿಯ ಕುಣಿಕೆ ಕತ್ತರಿಸುತ್ತಲೇ ರಕ್ತ ನಿಲ್ಲಿಸುತ್ತದೆ, ಖರ್ಚೂ ಕಡಿಮೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಚರ್ಮದ ನೀರಿನಂಶವನ್ನು ಕ್ಷಣದಲ್ಲಿ ಆವಿ ಮಾಡಿ ಪದರ ತೆಗೆಯುತ್ತದೆ, ರಕ್ತವಿಲ್ಲದೆ ನಿಖರವಾಗಿ ರೂಪ ಕೊಡಬಹುದು. ಎರ್ಬಿಯಂ ಲೇಸರ್‌ನಲ್ಲಿ ಸುಡುವುದು ಇನ್ನೂ ಕಡಿಮೆ, ಆದರೆ ರಕ್ತ ಸ್ವಲ್ಪ ಬರುತ್ತದೆ. ತಿರುಗುವ ಒರಟು ಚಕ್ರದಿಂದ ಉಜ್ಜಿ ಅಂಚು ನಯ ಮಾಡುವುದೂ ಇದೆ. ಅನೇಕರು ದೊಡ್ಡ ಉಂಡೆಗಳನ್ನು ಬ್ಲೇಡು ಅಥವಾ ಕುಣಿಕೆಯಿಂದ ತೆಗೆದು, ಕೊನೆಯ ರೂಪವನ್ನು ಲೇಸರ್‌ನಿಂದ ಕೊಡುತ್ತಾರೆ. ಲೇಸರ್ ಅಂದ ಮಾತ್ರಕ್ಕೆ ಮೇಲು ಅಂತ ತಿಳಿಯಬೇಡಿ. ಹಿಡಿದ ಕೈಗೆ ಎಷ್ಟು ಮೂಗುಗಳ ಅನುಭವ ಇದೆ ಅಂತ ಕೇಳಿ.

ಇನ್ನೊಂದನ್ನೂ ಕೇಳಿ: ತೆಗೆದ ಚರ್ಮವನ್ನು ಪರೀಕ್ಷೆಗೆ ಕಳಿಸುತ್ತೀರಾ? ಬ್ಲೇಡಿನಲ್ಲಿ ತೆಗೆದರೆ ತುಂಡು ಕೈಗೆ ಸಿಗುತ್ತದೆ. ಲೇಸರ್ ಎಲ್ಲವನ್ನೂ ಆವಿ ಮಾಡಿಬಿಡುತ್ತದೆ. ಅಡಗಿರಬಹುದಾದ ಕ್ಯಾನ್ಸರ್ ವಿಷಯ ಆಗಲೇ ಹೇಳಿದೆನಲ್ಲ, ಹಾಗಾಗಿ ಲೇಸರ್ ಬಳಸುವ ಮುಂಚೆ ಒಂದಿಷ್ಟು ತುಂಡು ತೆಗೆದಿಡುವುದು ಒಳ್ಳೆಯದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಆಪರೇಷನ್ ಆದ ಮೇಲಿನ ಮೊದಲ ವಾರ ಕನ್ನಡಿ ನೋಡಲು ಧೈರ್ಯ ಬೇಕು. ಮೂಗು ತರಚಿದ ಮೊಣಕಾಲಿನ ಹಾಗಿರುತ್ತದೆ: ಹಸಿ ಕೆಂಪು, ನೀರು ಒಸರುತ್ತಿರುತ್ತದೆ. ಗಾಯ ಒಣಗಲಿ ಅಂತ ಗಾಳಿಗೆ ಬಿಡುವುದು ನಮ್ಮ ರೂಢಿ. ಇಲ್ಲಿ ಅದು ತಪ್ಪು. ಮುಲಾಮು ಹಚ್ಚಿ ಸದಾ ತೇವವಾಗಿಟ್ಟರೆ ಹೊಸ ಚರ್ಮ ಬೇಗ ಹರಡುತ್ತದೆ, ಗಟ್ಟಿ ಹಕ್ಕಳೆ ಕಟ್ಟುವುದಿಲ್ಲ. ಕಟ್ಟಿದ ಹಕ್ಕಳೆಯನ್ನು ಕೀಳಬಾರದು. ಸಿಗರೇಟು ಸೇದಿದರೆ ಮಾಯುವುದು ತಡ. ಗಾಯ ಮುಚ್ಚಿದ ಮೇಲೂ ಗುಲಾಬಿ ಬಣ್ಣ ಕೆಲವು ತಿಂಗಳು ಉಳಿಯುತ್ತದೆ. ಅಷ್ಟು ದಿನ ಬಿಸಿಲಿನಿಂದ ಕಾಪಾಡಿಕೊಳ್ಳಬೇಕು, ಸನ್‌ಸ್ಕ್ರೀನ್ ತಪ್ಪಿಸಬಾರದು. ಕಂದು ಚರ್ಮದವರಿಗೆ ಮೂಗಿನ ಬಣ್ಣ ಪಕ್ಕದ ಕೆನ್ನೆಗಿಂತ ತಿಳಿಯಾಗಿ ಅಥವಾ ಕಪ್ಪಾಗಿ ಉಳಿಯುವ ಸಾಧ್ಯತೆ ಹೆಚ್ಚು. ಇದನ್ನು ಮುಂಚೆಯೇ ಮಾತಾಡಿಕೊಳ್ಳುವುದು ವಾಸಿ.

ಮತ್ತೆ ಬೆಳೆಯುತ್ತದಾ? ಬೆಳೆಯಬಹುದು. ಗ್ರಂಥಿಗಳ ತಳವನ್ನು ಬೇಕೆಂದೇ ಉಳಿಸಿದ್ದೇವಲ್ಲ. ಆದರೆ ಬೆಳೆದರೂ ಸಾಮಾನ್ಯವಾಗಿ ನಿಧಾನ, ವರ್ಷಗಳೇ ಹಿಡಿಯುತ್ತವೆ. ಅದಕ್ಕೇ ಆಪರೇಷನ್ ಆಯಿತು ಅಂತ ರೊಸೇಸಿಯಾದ ಔಷಧಿ, ಬಿಸಿಲಿನ ಎಚ್ಚರ ಎರಡನ್ನೂ ಕೈಬಿಡಬಾರದು.

ಉಸಿರಾಟಕ್ಕೆ ತೊಂದರೆ ಇಲ್ಲ, ಅನುಮಾನದ ಹುಣ್ಣಿಲ್ಲ, ಮೂಗಿನ ಬಗ್ಗೆ ಬೇಸರವೂ ಇಲ್ಲ ಅನ್ನುವವರು ಹಾಗೇ ಇರಬಹುದು, ಅದೂ ಸರಿಯೇ. ಮಾಡಿಸಿಕೊಳ್ಳಬೇಕು ಅನಿಸಿದವರು ಡಾಕ್ಟರ ಹತ್ತಿರ ಹೋಗುವಾಗ ಒಂದು ಹಳೆಯ ಫೋಟೊ ಜೊತೆಗಿಟ್ಟುಕೊಳ್ಳಿ. ಒಳಗಿನ ಮೂಗು ಹೇಗಿತ್ತು ಅಂತ ಸರ್ಜನ್‌ಗೆ ಹೊರಗಿನಿಂದ ಕಾಣುವುದಿಲ್ಲ. ಮೂವತ್ತರ ವಯಸ್ಸಿನ ಒಂದು ಪಾಸ್‌ಪೋರ್ಟ್ ಫೋಟೊ, ಸಿಕ್ಕರೆ ಪಕ್ಕದಿಂದ ತೆಗೆದದ್ದು ಇನ್ನೊಂದು, ಅಷ್ಟಿದ್ದರೆ ಸಾಕು.